ಶುಕ್ರವಾರದ ಆಯ್ತಾರ

ನಮ್ಮ ಆಯ್ತಾರ ಇಲ್ಲಿ ಶುಕ್ರವಾರ ಬರುತ್ತದೆ.
ಬಂದ ಹೊಸತರಲ್ಲಿ ನಗು ಬಂದಿತ್ತು,
ದೇವರಿಗೂ ಡ್ಯೂಟಿ ಬದಲಾಯಿತೇ ಎಂದು.
ಹನ್ನೊಂದು ವರ್ಷವಾಯಿತು, ಈಗ ನಗುವುದಿಲ್ಲ.
ರೂವಿಯ ದಿನಸಿ ಅಂಗಡಿಯ ಕ್ಯಾಲೆಂಡರಿನಲ್ಲಿ
ಕೆಂಪು ಬಣ್ಣ ಎಲ್ಲಿದೆಯೋ ಅಲ್ಲಿ ಪ್ರಾರ್ಥನೆ.

ಗುರುವಾರ ರಾತ್ರಿ ಒಂದರ ತನಕ ಮಷಿನ್ ಓಡುತ್ತದೆ.
ಬೆಳಗಾದರೆ ಜುಮ್ಮಾ, ಊರಿಗೆಲ್ಲ ಬಿಳಿ ದಿಶ್‌ದಾಶಾ ಬೇಕು.
ಕೊರಳ ಬಳಿ ಇಳಿಬಿದ್ದ ಒಂದು ದಾರದ ಗೊಂಡೆ,
ಅದನ್ನು ಅತ್ತರಿನಲ್ಲಿ ಅದ್ದಿ ಉಡುತ್ತಾರೆ.
ಬೆಟಗೇರಿಯಲ್ಲಿ ಅಪ್ಪ ಸೆರಗಿಗೆ ಗೊಂಡೆ ಕಟ್ಟುತ್ತಿದ್ದ.
ನನ್ನ ಪಾಲಿಗೆ ಬಂದ ಆಸ್ತಿ ಅಷ್ಟೇ,
ಅದೂ ಬೆರಳ ತುದಿಯಲ್ಲಿ.

ತಮಿಳರು ಹೊರಬರುವಾಗ ನಾವು ಒಳಗೆ.
ಕುರ್ಚಿಗಳಿನ್ನೂ ಬೆಚ್ಚಗಿರುತ್ತವೆ.
ನಮಗೆ ಐವತ್ತು ನಿಮಿಷ,
ಆಮೇಲೆ ಮಲಯಾಳಿಗಳು ಬಾಗಿಲಲ್ಲಿ
ಕೆಮ್ಮತೊಡಗುತ್ತಾರೆ.
ಹದಿನೇಳು ಮಂದಿ ನಾವು.
ಕ್ರೇನ್ ನಡೆಸುವ ಜಯಶೀಲಪ್ಪನೇ ಪ್ರಸಂಗಿ.
ವಾರವಿಡೀ ಮೇಲೆ ಒಬ್ಬನೇ ಕೂತು ಮಾತು ಜೋಡಿಸುತ್ತಾನೆ,
ಏಣಿ ಇಳಿಯುವಷ್ಟರಲ್ಲಿ ಅರ್ಧ ಮರೆತಿರುತ್ತಾನೆ.
ಬೀದರಿನ ನರ್ಸ್ ಕೃಪಾವತಿ ನೈಟ್ ಮುಗಿಸಿ ಬಂದವಳು
ತೂಕಡಿಸಿ, ಬೆಚ್ಚಿ,
ಎಲ್ಲರಿಗಿಂತ ಒಂದುಸಿರು ತಡವಾಗಿ ಆಮೆನ್ ಅನ್ನುತ್ತಾಳೆ.
ನಾನು ಕಣ್ಣು ಮುಚ್ಚಿದರೆ ಗುಂಡಿ, ಕಾಜ, ಗುಂಡಿ, ಕಾಜ.
ಮನ್ನಿಸು ಕರ್ತನೇ,
ರಾತ್ರಿ ಮೂವತ್ತೆರಡು ಕಾಜ ಕಟ್ಟಿದ ಕಣ್ಣಿವು.

ಮಧ್ಯಾಹ್ನ ಬಾಂಗು. ಅಂಗಡಿಗಳ ಶಟರು ದಡದಡ ಇಳಿದು
ನನ್ನ ಹೊಲಿಗೆಯೆಲ್ಲ ಬೀದಿಗೆ ಬಂದು
ಸಾಲಾಗಿ ನಿಂತು ಬಾಗುತ್ತದೆ.
ಎಷ್ಟೋ ಭುಜ, ಎಷ್ಟೋ ಪಕ್ಕೆ,
ಒಂದಾದರೂ ಬಿಚ್ಚದಿರಲಿ ಎಂದು
ಎದುರಿನ ಫುಟ್‌ಪಾತಿನಿಂದ ಬೇಡಿಕೊಳ್ಳುತ್ತೇನೆ.
ಇದನ್ನು ಜಯಶೀಲಪ್ಪನಿಗೆ ಹೇಳಿಲ್ಲ.

ಊರಿನಲ್ಲಿ ಖರೇ ಆಯ್ತಾರ ಬಂದಾಗ
ರೂತ ಗುಡಿಯ ಗಂಟೆಗೆ ಫೋನ್ ಹಿಡಿಯುತ್ತಾಳೆ.
ನಾನು ದಾರ ಬದಲಿಸುವ ನೆಪದಲ್ಲಿ
ಮಷಿನ್ ನಿಲ್ಲಿಸುತ್ತೇನೆ.
ಫೋರ್‌ಮನ್ ಒಮ್ಮೆ ಕೇಳಿದ,
ಪ್ರತಿ ಭಾನುವಾರ ಇದೇ ಹೊತ್ತಿಗೇ
ನಿನ್ನ ದಾರ ಯಾಕೆ ತುಂಡಾಗುತ್ತದೆ?
ವಾರಕ್ಕೆ ಎರಡು ಆಯ್ತಾರ ನನಗೆ,
ಎರಡೂ ಅರ್ಧರ್ಧ.

ಸಂಜೆ ಮತ್ರಾದ ಕಡಲ ದಂಡೆಗೆ ಅಡ್ಡಾಡಲು ಹೋಗುತ್ತೇವೆ,
ನಾನೂ ರೂಮಿನ ದೇವಪುತ್ರನೂ.
ಅವನಿಗೆ ಹಡಗು ಎಣಿಸುವ ಚಟ.
ಕಾಗದದ ಕಪ್ಪಿನಲ್ಲಿ ಸುಲೈಮಾನಿ ಚಹಾ,
ಮೀನು ಮಾರುಕಟ್ಟೆಯ ತೂಕದ ಬೆಕ್ಕುಗಳು,
ಗುಡ್ಡದ ನೆತ್ತಿಯಲ್ಲಿ ಹೊಗೆಯಿಲ್ಲದ ದೊಡ್ಡ ಧೂಪದಾನಿ.
ಒಣಗುಡ್ಡಗಳ ಬಣ್ಣ ಸುಟ್ಟ ಕಡಕ್ ರೊಟ್ಟಿಯದು.
ಬಿಸಿಗಾಳಿಗೆ ದಿಶ್‌ದಾಶಾಗಳು ಪಟಪಟಿಸುತ್ತವೆ.
ಇದು ನನ್ನದು, ಇದು ಬಂಗಾಳಿಯದು,
ಇದು ನನ್ನದೇ, ತೋಳು ಎರಡು ಸಲ ಬಿಚ್ಚಿ ಹೊಲಿದದ್ದು.

ಆಗ ಕಂಡಿತು, ಬೆಂಚಿನ ಮೇಲೆ ಕೂತ ಮುದುಕರೊಬ್ಬರ ಕೊರಳಲ್ಲಿ
ಒಂದೇ ಎಳೆಯಲ್ಲಿ ಜೋತಾಡುವ ಗೊಂಡೆ.
ಒಂದು ಗಂಟೆಗೆ ನಿದ್ದೆಗಣ್ಣಲ್ಲಿ ಕಟ್ಟಿದ್ದು,
ನನ್ನದೇ ಗಂಟು, ಸುಳ್ಳಾಡುವಂತಿಲ್ಲ.
ದೇವಪುತ್ರ ತೋಳು ಜಗ್ಗಿದ: "ಸುಮ್ನ ಬಾರೋ, ಯಾರರೆ ನೋಡ್ಯಾರು."
ಆದರೆ ನನ್ನ ಕಾಲರಿನಲ್ಲಿ ಯಾವಾಗಲೂ ಒಂದು ಸೂಜಿ,
ಅದರ ಕಣ್ಣಲ್ಲಿ ಬಿಳಿ ದಾರ.
ಮಾತಿಗಿಂತ ಮುಂಚೆ ಸೂಜಿ ತೋರಿಸಿದೆ.
ಅವರು ನೋಡಿದರು. ಕನ್ನಡಕ ತೆಗೆದರು.
ಗದ್ದವೆತ್ತಿ ಕೊರಳು ಕೊಟ್ಟರು,
ಕ್ಷೌರಿಕನಿಗೆ ಕೊಡುವ ಹಾಗೆ, ಅಷ್ಟು ನಂಬಿ.

ನಾಲ್ಕು ಹೊಲಿಗೆ, ಒಂದು ಗಂಟು.
ಕತ್ತರಿ ಇಲ್ಲ, ಹಲ್ಲಿನಿಂದಲೇ ದಾರ ಕಡಿಯಬೇಕು.
ಮುದಿ ಚರ್ಮದ ಮೇಲೆ ನಾಡಿ ಹಾರುತ್ತಿತ್ತು,
ಮೂಗಿಗೆ ಅತ್ತರು, ಬೆವರು, ಕಡಲ ಉಪ್ಪು.
ಉಸಿರು ಹಿಡಿದೆ, ಅವರೂ ಹಿಡಿದರು.

ಎಷ್ಟು, ಅಂದರು ಜೇಬಿಗೆ ಕೈಹಾಕಿ.
ನನಗೆ ಬರುವ ಅರಬಿಯಲ್ಲಿ ಹೇಳಿದೆ: ಇವತ್ತು ರಜೆ.
ಅವರು ನಕ್ಕ ರಭಸಕ್ಕೆ
ಗೊಂಡೆ ಕುಣಿಯಿತು, ಕಳಚಲಿಲ್ಲ.

ಬಸ್ಸಿನಲ್ಲಿ ದೇವಪುತ್ರ ಹಡಗಿನ ಲೆಕ್ಕ ಒಪ್ಪಿಸಿದ, ಹದಿನಾಲ್ಕು.
ನಾನು ಕಿಟಕಿ ಪಕ್ಕ
ಬಲಗೈ ಅಂಗಾತ ಮಾಡಿ ತೊಡೆಯ ಮೇಲಿಟ್ಟು ಕೂತಿದ್ದೆ,
ಹಪ್ಪಳ ಒಣಗಲು ಇಟ್ಟವರ ಹಾಗೆ,
ಯಾರೂ ತಾಗದಂತೆ.