ಉಸಿರು, ಎರಡು, ಮೂರು

ಟೊಲೀಡೊದ ಕಮ್ಯುನಿಟಿ ಕಾಲೇಜು, ನೆಲಮಾಳಿಗೆಯ ಲ್ಯಾಬು.
ಟ್ರೇಯಲ್ಲಿ ಮಲಗಿದೆ ರಬ್ಬರಿನ ಕೂಸು.
ಇಪ್ಪತ್ತೈದು ವಾರದ್ದು; ಅಂದರೆ
ಮೂರೂವರೆ ತಿಂಗಳು ಮೊದಲೇ ಬಂದದ್ದು.
ಹಿಂದಿನ ಬ್ಯಾಚಿನ ಯಾರೋ ಅದರ ಅಂಗಾಲಿಗೆ
ಬಾಲ್‌ಪೆನ್ನಿನಲ್ಲಿ ಹೆಸರಿಟ್ಟಿದ್ದಾರೆ: ಪೀನಟ್.
ಕಡಲೆಕಾಯಿ!
ನಗು ಬಂತು. ನಗುವ ಹೊತ್ತಲ್ಲ.

ಮಿಸೆಸ್ ಟಿಬ್ಸ್ ಹೇಳುತ್ತಾರೆ:
ಬ್ಯಾಗು ಒತ್ತುವುದು ಅಂಗೈಯಿಂದಲ್ಲ, ಎರಡು ಬೆರಳಿಂದ.
ಬಾಯಲ್ಲಿ ಲೆಕ್ಕ ಇರಲಿ: ಉಸಿರು, ಎರಡು, ಮೂರು.
ಉಸಿರು ಎಂದಾಗ ಒತ್ತು,
ಎರಡಕ್ಕೂ ಮೂರಕ್ಕೂ ಬಿಡು.
ಕೊಡುವುದು ಒಂದು ಪಾಲು, ಬಿಡುವುದು ಎರಡು.

ಕುಚಾರ್ಸ್ಕಿ ಒತ್ತಿದ ರಭಸಕ್ಕೆ
ಮೀಟರಿನ ಮುಳ್ಳು ಕೆಂಪಿಗೆ ಹಾರಿತು.
"ಈಗ ಒಂದು ಶ್ವಾಸಕೋಶ ಒಡೆದೆ" ಎಂದರು ಆಕೆ,
ಲೋಟ ಒಡೆದವರಿಗೆ ಹೇಳುವಷ್ಟೇ ತಣ್ಣಗೆ.
ಇದು ಗಾಜಿನ ಊರು. ಅವನ ಮುತ್ತಜ್ಜ
ಕುಲುಮೆಯೆದುರು ನಿಂತು, ಕೊಳವೆ ಊದಿ
ಬಾಟಲಿ ಮಾಡುತ್ತಿದ್ದನಂತೆ.
"ಮನೆತನದ ದಮ್ಮು" ಎಂದ, ಕಿವಿ ಕೆಂಪಾಗಿತ್ತು.

ನನ್ನ ಸರದಿ ಬಂದಾಗ ಅಪ್ಪ ನೆನಪಾದ.
ರಾಣೆಬೆನ್ನೂರಿನಲ್ಲಿ ನಾಲ್ಕಡಿ ಅಂಗಡಿ,
ತುಟಿಗೆ ಹಿತ್ತಾಳೆಯ ಊದುಗೊಳವೆ,
ದೀಪದ ಕುಡಿಯನ್ನು ಸೂಜಿಮೊನೆಯಷ್ಟು ಬಾಗಿಸಿ
ಮೂಗುಬೊಟ್ಟಿಗೆ ಬೆಸುಗೆ ಹಾಕುವನು.
ಕೆನ್ನೆಯಲ್ಲಿ ಗಾಳಿ ತುಂಬಿಟ್ಟು, ಮೂಗಲ್ಲಿ ಎಳೆದು,
ಉರಿ ಒಮ್ಮೆಯೂ ನಡುಗದ ಹಾಗೆ.
ಜೋರಾದರೆ ಬಂಗಾರವೇ ಕರಗಿ ಹನಿ,
ಮೆತ್ತಗಾದರೆ ಬೆಸುಗೆ ಕಚ್ಚದು.
"ಉಸಿರು ನಂದಲ್ಲ ಅಂತ ತಿಳ್ಕೊಂಡು ಊದ್ಬೇಕು"
ಅನ್ನುತ್ತಿದ್ದ.
ಹೆಣ್ಣುಮಗಳ ಕೈಗೆ ಕೊಳವೆ ಮಾತ್ರ ಕೊಡಲಿಲ್ಲ.

ಮೂವತ್ತೊಂಬತ್ತನೆಯ ವಯಸ್ಸಿಗೆ ನನಗೆ ಸಿಕ್ಕಿದ್ದು
ಈ ಪ್ಲಾಸ್ಟಿಕ್ಕಿನದು.
ಹಗಲು ಔಷಧಿ ಅಂಗಡಿಯ ಕೌಂಟರು,
ಸಂಜೆ ಆಮ್ಲಜನಕದ ಒತ್ತಡದ ಕೋಷ್ಟಕ,
ಬಸ್ಸಿನಲ್ಲಿ ಬಾಯಿಪಾಠ.

ಡಿಸೆಂಬರಿನಲ್ಲಿ ಆಸ್ಪತ್ರೆ. ರಾತ್ರಿ ಮೂರು ಗಂಟೆ.
ಪೀನಟ್ ಅಲ್ಲ ಈ ಸಲ. ಆರುನೂರ ಎಂಬತ್ತು ಗ್ರಾಂ.
ತೊಲದ ಲೆಕ್ಕದಲ್ಲಿ ಐವತ್ತೆಂಟು ಚಿಲ್ಲರೆ;
ಅಷ್ಟು ಬಂಗಾರವನ್ನು ಅಪ್ಪ ಒಟ್ಟಿಗೆ ಕಂಡದ್ದೇ ಇಲ್ಲ.
ಪಟ್ಟಿಯ ಮೇಲೆ 'ಹದ್ದಾದ್ ಅವರ ಗಂಡುಮಗು', ಅಷ್ಟೆ.
ಹೆಸರು ಬಂದಿಲ್ಲ ಇನ್ನೂ,
ಉಸಿರೂ ಪೂರ್ತಿ ಬಂದಿಲ್ಲ.

ನಳಿಗೆಯಲ್ಲಿ ಇಳಿಯಿತು ಹಾಲಿನಂಥ ಔಷಧ,
ಅಂಟಿಕೊಂಡ ಗಾಳಿಗೂಡುಗಳನ್ನು ಬಿಡಿಸುವಂಥದ್ದು.
ಕರುವಿನ ಶ್ವಾಸಕೋಶದಿಂದ ತೆಗೆದದ್ದು.
ಯಾವ ಕರುವೋ, ಯಾವ ಕೊಟ್ಟಿಗೆಯದೋ.
ಪರೀಕ್ಷೆಯಲ್ಲಿ ಆ ಪ್ರಶ್ನೆ ಇರಲಿಲ್ಲ.

"ಯಂತ್ರಕ್ಕೆ ಜೋಡಿಸುವವರೆಗೆ ನೀನು ಹಿಡಿ"
ಎಂದಳು ಪಾಳಿಯ ಹಿರಿಯಳು ಡೆಲ್ಫೀನ್.
ಹಿಡಿದೆ. ಎರಡು ಬೆರಳು.
ಮಡಿಸಿಟ್ಟ ಟಿಶ್ಯೂ ಕಾಗದ ಬಿಚ್ಚಿಕೊಂಡಷ್ಟೇ
ಎದೆ ಏಳುತ್ತದೆ, ಕೂರುತ್ತದೆ.
ಪರದೆಯಲ್ಲಿ ಎಪ್ಪತ್ತೊಂದು. ಎಪ್ಪತ್ತೊಂದು.
ಎಪ್ಪತ್ತು.
ಉಸಿರು, ಎರಡು, ಮೂರು.
ಎಪ್ಪತ್ತೆಂಟು.
ಎಂಬತ್ತನಾಲ್ಕು.

"ನೀನೂ ಸ್ವಲ್ಪ ಉಸಿರಾಡು" ಎಂದಳು ಡೆಲ್ಫೀನ್.
ಕಟ್ಟಿಕೊಂಡಿದ್ದೆ ಎಂಬುದು ಆಗ ಗೊತ್ತಾಯಿತು.

ಗೋಡೆಗೊರಗಿ ನಿಂತಿದ್ದ, ಕಾರು ಕಾರ್ಖಾನೆಯ ಜಾಕೆಟ್ಟಿನ ಅಪ್ಪ
ಕೇಳಿದ: ಅದು ಯಾವ ಭಾಷೆ, ನೀವು ಎಣಿಸಿದ್ದು?
ಇಂಗ್ಲಿಷಿನಲ್ಲಿ ಹಿಡಿದ ಲೆಕ್ಕ ಯಾವಾಗ
ಕನ್ನಡಕ್ಕೆ ಹೊರಳಿತೋ, ಕಾಣೆ.
ಹೇಳಿದೆ.
"ಅವನಿಗೆ ಅರ್ಥವಾಯ್ತಾ?" ಎಂದ.
ಅದು ತಮಾಷೆಯೋ ಅಲ್ಲವೋ.
ಮೀಟರು ಒರೆಸುತ್ತ ನಿಂತೆ.

ದಾಖಲೆ ಪುಸ್ತಕದಲ್ಲಿ ಮೂರು ಚೌಕ:
ನೋಡಿದೆ, ನೆರವಾದೆ, ಮಾಡಿದೆ.
ಎರಡನೆಯದಕ್ಕೆ ಗುರುತು ಹಾಕಿದೆ.

ಪಾಳಿ ಮುಗಿದಾಗ ತೊಂಬತ್ತೊಂದು ಇತ್ತು.
ನಾಳೆಯದು ನಾಳೆಗೆ.
ಡೆಲ್ಫೀನಳ ಕಾರಿನಲ್ಲಿ ಹಿಮ ಕಟ್ಟಿದ ಗಾಜು,
ಕರಗಲಿ ಎಂದು ಕಾಯುತ್ತ ಇಬ್ಬರೂ ಸುಮ್ಮನೆ.
ಮಡಿಲಲ್ಲಿ ಕೈಚೀಲ. ಅದರ ಮೇಲೆ ಎರಡು ಬೆರಳು
ಒತ್ತುತ್ತಿವೆ,
ಬಿಡುತ್ತಿವೆ,
ಬಿಡುತ್ತಿವೆ.