ಒಂದು ನೀರಿನ ವಾಯಿದೆ

ನಮ್ಮ ಬೆಟಗೇರಿಯೊಳಗ ದಿನಾ ಎಣಿಸೂದಿಲ್ಲ,
ನೀರು ಎಣಿಸತೀವಿ.
ಹೋದ ನೀರಿಗೆ ಕೂಸು ಹುಟ್ಟಿತು,
ಬರೂ ನೀರಿಗೆ ತೊಟ್ಟಲಕ್ಕ ಹಾಕೂದು, ಅಂತೀವಿ.
ನಳ ಬರೂದು ಹದಿನೈದು ದಿನಕ್ಕೊಮ್ಮೆ,
ಅದೂ ಸರುವೊತ್ತಿನ್ಯಾಗ.

ಅಂಥಾ ಒಂದು ರಾತ್ರಿ, ಮೂರನೇ ಬ್ಯಾರಲ್ಲು ತುಂಬೂಮುಂದ
ಮುತ್ತಣ್ಣ ಕೆಳಗಿಳದು ಬಂದ.
ನನಗ ಹೇಳಲಿಲ್ಲ, ಪೈಪಿಗೆ ಹೇಳಿದಂಗ ಹೇಳಿದ:
ಬರೂ ತಿಂಗಳಿಂದ ಆರು ಸಾವಿರ, ಕಾಕು.
ಆಗದಿದ್ರ ಒಂದನೇ ತಾರೀಖಿಗೆ ಕೀಲಿ ಕೊಡ್ರಿ.

ಒಂದನೇ ತಾರೀಖಿಗೆ ಇದ್ದದ್ದು ಒಂಬತ್ತ ದಿನ.
ಮುಂದಿನ ನೀರು ಸೈತ ಬರೂದಿಲ್ಲ ಅಷ್ಟರಾಗ.

ಎರಡೂವರಿ ಕೊಡತಿದ್ದೆ.
ಎರಡು ಖೋಲಿ, ಪಾವಟಿಗಿ ಕೆಳಗ ನನ್ನ ಮಷೀನು.
ಸೀರಿಗೆ ಫಾಲು-ಪಿಕೋ ಹಚ್ಚಿದರ ನಲವತ್ತು ರೂಪಾಯಿ.
ಆರು ಸಾವಿರ ಅಂದ್ರ ನೂರಾ ಐವತ್ತು ಸೀರಿ,
ಮಂದಿ ಸೀರಿ ಅಂಚಿಗುಂಟ ನಡದು ನಡದು
ನನ್ನ ಹೊಸ್ತಿಲಕ್ಕ ಮುಟ್ಟಬೇಕು ನಾ.

ಅವರಪ್ಪ ಅಂದಾನೆಪ್ಪ ಒಳ್ಳೆಯಾಂವ, ಅದನ್ನೂ ಹೇಳಬೇಕು.
ಒಮ್ಮೆರ ಪಾವತಿ ಕೊಟ್ಟಾಂವಲ್ಲ.
"ನಮ್ಮ ನಿಮ್ಮ ನಡುವ ಕಾಗದ ಯಾಕವಾ?" ಅಂತಿದ್ದ.
ಅವನ ಒಳ್ಳೆತನ
ಈಗ ನನ್ನ ಕುತ್ತಿಗಿಗೆ ಬಂದಿತ್ತು.

ನನ್ನ ಹಂತ್ಯಾಕ ಇದ್ದದ್ದು ಹನ್ನೊಂದು ಕ್ಯಾಲೆಂಡರು.
ಕಿರಾಣಿ ಅಂಗಡ್ಯಾಂವ ಪುಕ್ಕಟ ಕೊಟ್ಟವು.
ತಿಂಗಳಾ ಐದನೇ ತಾರೀಖಿಗೆ ನೀಲಿ ಪೆನ್ನಿಲೆ ಒಂದು ಸುತ್ತು,
ಬಾಜೂಕ ಸಣ್ಣಗ "ಬಾ. ಕೊಟ್ಟೆ".
ಒಂದ ತಿಂಗಳು ಸುತ್ತಿಲ್ಲ, ನಮ್ಮನಿಯವರು ಹೋದ ತಿಂಗಳು.
ಅದರ ಮುಂದಿನ ತಿಂಗಳದಾಗ ಎರಡು ಅದಾವ.

ಸುರುಳಿ ಸುತ್ತಿ, ಫಾಲಿನ ತುಂಡಿಲೆ ಕಟ್ಟಿ,
ಬಗಲಾಗ ಹಿಡಕೊಂಡು ಗದಗಿಗೆ ಹೋದೆ, ಕೋರ್ಟಿಗೆ.
ಶಾಹೀನಾ ಕಿಲ್ಲೇದಾರ ಅಂತ ವಕೀಲಬಾಯಿ,
ನನ್ನ ಹತ್ರನ ಸೀರಿ ಕೊಡತಿದ್ದಾಕಿ.
ಹನ್ನೊಂದೂ ಬಿಚ್ಚಿದಳು. ಎರಡು ಸುತ್ತಿನ ಕಡೆ ಬಂದು
ಬೆರಳು ಇಟ್ಟು ಸುಮ್ಮನಾದಳು.
ಆಮ್ಯಾಲೆ ಅಂದಳು:

"ಬಾಯಿಲೆ ಹೇಳಿದ್ದು ನೋಟೀಸ ಅಲ್ಲ, ಕಾಕು.
ಬರದು ಕೊಡಬೇಕು.
ತಿಂಗಳ ಬಾಡಿಗಿ ಮನಿಗೆ ಹದಿನೈದು ದಿನದ ವಾಯಿದೆ ಬೇಕು.
ಬಿಡಿಸಬಾರದಂತಲ್ಲ, ಬಿಡಿಸಬಹುದು, ಅವರದ ಮನಿ.
ಆದರ ಅದಕೊಂದು ಹಾದಿ ಐತಿ, ಕೋರ್ಟಿನ ಮುಂದ ಹಾಯ್ದು ಹೋಗತೈತಿ.
ಸಾಮಾನು ಹೊರಗ ಒಗ್ಯಾಕ, ಕೀಲಿ ಜಡ್ಯಾಕ ಬರೂದಿಲ್ಲ."

ಹದಿನೈದು ದಿನ!
ನನಗ ನಗಿ ಬಂತು.
ಕಾಯಿದೆ ಬರದಾಂವ ಯಾವನೋ
ನಮ್ಮ ಓಣ್ಯಾಗ ಕೊಡ ಹಿಡದು ಕುಂತಾಂವನ ಇರಬೇಕು.

"ನೀವು ಮಾತ್ರ ಬಾಡಿಗಿ ತಪ್ಪಿಸಬ್ಯಾಡ್ರಿ,
ಅಂವ ತಗೊಳ್ಳದಿದ್ರ ಮನಿ ಆರ್ಡರ್ ಮಾಡ್ರಿ" ಅಂದಳು.

ಪೋಸ್ಟಿನ ಹುಡುಗಿ ಫಾರ್ಮು ಎರಡ ಸಲ ಓದಿದಳು.
ಕಳಿಸವರ ವಿಳಾಸ, ಮುಟ್ಟವರ ವಿಳಾಸ,
ಒಂದ ಮನಿ, ಒಂದ ನಂಬರು.
"ಇದೇನ್ರಿ?" ಅಂದಳು.
"ಅವರು ಮ್ಯಾಲ, ನಾ ಕೆಳಗ" ಅಂದೆ.

ಹದಿನಾಲ್ಕು ಪಾವಟಿಗಿ ಹತ್ತೂ ರೊಕ್ಕ
ಊರೆಲ್ಲಾ ತಿರಗಿ ಬಂತು.
ಪೋಸ್ಟಮನ್ನ ಯಲಗೂರದಪ್ಪ ಏರಿದ,
ಏರಿದಷ್ಟ ಲಗೂನ ಇಳದ.
"ಒಲ್ಲೆ ಅಂದ್ರು. ರೊಕ್ಕ ತಗೊಂಡು ಸಹಿ ಮಾಡ್ರಿ."

ಚೀಟಿ ಕಿಡಕಿ ಬೆಳಕಿಗೆ ಹಿಡದೆ.
ಹನ್ನೊಂದು ವರ್ಷದಾಗ ಮೊದಲನೇ ಸಲ
ನನ್ನ ಹೆಸರು, ಅವನ ಹೆಸರು, ಮನಿ ನಂಬರು
ಒಂದ ಕಾಗದದ ಮ್ಯಾಲ.
ನಡುವ ಸರಕಾರದ ಗುಂಡನ ಸಿಕ್ಕಾ,
ಥೇಟ್ ನನ್ನ ಕ್ಯಾಲೆಂಡರಿನ ಸುತ್ತು.
ಒಲ್ಲೆ ಅನ್ನಾಕ ಹೋಗಿ
ಮುತ್ತಣ್ಣ ನನಗ ಪಾವತಿ ಕೊಟ್ಟಿದ್ದ.

ಒಂದನೇ ತಾರೀಖು ಬಂತು, ಹೋತು.
ಆರನೇ ತಾರೀಖಿಗೆ ನೀರು ಬಂತು.
ಮ್ಯಾಲ ಅವರ ಮನಿಗೆ ನೀರು ಏರೂದಿಲ್ಲ,
ನನ್ನ ಬಾಗಲ ನಳಕ್ಕ ಪೈಪು ಹಚ್ಚಬೇಕು.
ಪೈಪಿನ ತುದಿ ಹಿಡದು ನಿಂತಿದ್ದ, ಲುಂಗಿ ಮ್ಯಾಲೆ ಕಟ್ಟಿ.
ನಾ ಕೊಡ ಸರಿಸಿ ಜಾಗಾ ಬಿಟ್ಟೆ.

ಭಾಳೊತ್ತಿನ ಮ್ಯಾಲ ಅಂದ:
"ಮೂರು ಸಾವಿರಾರ ಮಾಡ್ರಿ, ಕಾಕು."
"ಬರಕೊಂಡು ಬಾ" ಅಂದೆ.

ಪೈಪು ಉಬ್ಬಿತು, ಒಂದೊಂದ ಪಾವಟಿಗಿ ಏರಿಕೋತ ಹೋತು.