ಎಲೆಕೋಸಿನ ಸಾರು, ಮಂಗಳವಾರ

ನಮಗೆ ಮಧ್ಯಾಹ್ನ ಎರಡೂವರೆ, ಅವರಿಗೆ ಬೆಳಗಿನ ಹತ್ತು.
ಅಲ್ಲಿ ಕಿಟಕಿಯಾಚೆ ಹಿಮ. ಇಲ್ಲಿ ಮಂಡ್ಯದಲ್ಲಿ
ಫ್ಯಾಕ್ಟರಿ ಕಡೆಯಿಂದ ಕಾಕಂಬಿಯ ವಾಸನೆ,
ಬಿಸಿಯೂಟದ ತಟ್ಟೆ ತೊಳೆಯುವ ಸದ್ದು.
ಹತ್ತನೇ ‘ಬಿ’ಯ ಮೂವತ್ತೊಂದು ತಲೆಗಳು
ಒಂದೇ ಒಂದು ಪರದೆಗೆ.
ಕರೆಂಟು ಹೋದರೆ ಯುಪಿಎಸ್ಸು ನಲವತ್ತು ನಿಮಿಷ;
ಯೂರೋಪಿನ ಚರಿತ್ರೆ ಅಷ್ಟರೊಳಗೆ ಮುಗಿಯಬೇಕು.

ಎರಡು ಶಾಲೆಗಳ ಒಪ್ಪಂದದಲ್ಲಿ ಬರೆದಿದೆ:
ಪಠ್ಯಪುಸ್ತಕ ಬೇಡ. ಮನೆಯವರ ನೆನಪು ತನ್ನಿ.

ಅವರ ಸರದಿ ಮೊದಲು.
ಮೊಮ್ಮಗಳು ಫ್ರೀಡಾಳ ಪಕ್ಕ ಕೂತ ಗುಡ್ರುನ್ ಅಜ್ಜಿ
ಕನ್ನಡಕ ಒರೆಸಿಕೊಂಡು ಒಂದು ಕಡತ ಬಿಚ್ಚಿದಳು.
ಅವಳು ಹುಟ್ಟಿದ ದೇಶ ಈಗಿಲ್ಲ.
ಗೋಡೆ ಬಿದ್ದ ಮೇಲೆ, ಗುಟ್ಟಾಗಿ ಬರೆಸಿಟ್ಟದ್ದನ್ನೆಲ್ಲ
ಅವರವರದು ಅವರವರಿಗೆ ಓದಲು ಕೊಟ್ಟರಂತೆ.

“ಮಂಗಳವಾರ. ಎಲೆಕೋಸಿನ ಸಾರು.
ಅತಿಥಿಗಳು ಇಬ್ಬರು. ಒಬ್ಬನಿಗೆ ಗಡ್ಡ.
ಒಂಬತ್ತಕ್ಕೆ ಕಿಟಕಿ ಮುಚ್ಚಿದರು.”
ಹೀಗೇ ಹನ್ನೆರಡು ವರ್ಷ.
ಬರೆದವಳು ಎದುರು ಮನೆಯವಳು.

ಅಜ್ಜಿಯ ಜರ್ಮನ್ ಫ್ರೀಡಾಳ ಬಾಯಲ್ಲಿ ಇಂಗ್ಲಿಷಾಗಿ
ನನ್ನ ಬಾಯಲ್ಲಿ ಕನ್ನಡವಾಗುವಷ್ಟರಲ್ಲಿ
ಸಾರು ಆರಿರಬೇಕು. ಆದರೂ ಗೊಳ್ಳೆಂದರು:
“ಸಾರ್, ನಮ್ ಬೀದೀಲಿ ಇದ್ಕೆ ಫೈಲೇ ಬೇಡ,
ನಮ್ಮನೇಲಿ ಉಪ್ಸಾರು ಕುದಿಯೋಕ್ ಮುಂಚೆ
ಮೂರನೇ ಮನೆ ನಿಂಗಮ್ಮಂಗೆ ಗೊತ್ತು!”
ಅದನ್ನೂ ಅನುವಾದಿಸಿದೆ. ಅಜ್ಜಿಯೂ ನಕ್ಕಳು,
ಸ್ವಲ್ಪ ತಡವಾಗಿ. ನೆಟ್‌ವರ್ಕಿನ ತಡವೋ ಏನೋ.

ನಗದವನು ಕದಿರವೇಲು.
“ಆ ಎದುರು ಮನೆಯವ್ರು ಈಗ ಎಲ್ಲವ್ರೆ, ಕೇಳಿ ಸಾರ್.”
ಅದೇ ಎದುರು ಮನೆಯಲ್ಲಿ.
“ಮಾತಾಡ್ತಾರಾ?”
ಮೆಟ್ಟಿಲ ಹಿಮ ಗುಡಿಸುವಾಗ ಒಂದು ನಮಸ್ಕಾರ.
ಇವಳು ಕೇಳಿಲ್ಲ. ಅವಳು ಹೇಳಿಲ್ಲ.

ಮುಂದಿನ ವಾರ ನಮ್ಮ ಸರದಿ.
ಒಬ್ಬಳು ಮುತ್ತಜ್ಜನ ಗುದ್ದಲಿ ತಂದಳು, ಕಾವು ಹೊಸದು.
ಒಬ್ಬ ಅಜ್ಜಿಯನ್ನೇ ತಂದ; ಆಕೆ ಕ್ಯಾಮೆರಾ ಕಂಡು
ಸೆರಗು ಬಾಯಿಗೆ ಹಿಡಿದವಳು ಬಿಡಲಿಲ್ಲ.
ಕದಿರವೇಲು ತಂದದ್ದು ಒಂದು ಹಾಳೆ.

“ನಮ್ಮಜ್ಜಿ ಪೂಂಗಾವನಮ್ಮ.
ಕಬ್ಬಿನ ಲಾರಿ ಇಳಿಸಲು ಬಂದವರ ಮಗಳು.
ತೊಂಬತ್ತೊಂದರ ಡಿಸೆಂಬರು, ನೀರಿನ ಗಲಾಟೆ.
ಬಂದ ಗುಂಪು ಬೇರೆ ಕಡೆಯದು,
ನಮ್ಮ ಮನೆ ಯಾವುದೆಂದು ಗೊತ್ತಿರಲಿಲ್ಲ.
ಯಾರೋ ತೋರಿಸಿದರು.”

ಆಮೇಲಿನದು ಆಕೆಯ ಮಾತಿನಲ್ಲೇ:
“ಬಾಗ್ಲು ಸುಟ್ಟೋಯ್ತು, ಜೀವ ಉಳೀತು.
ಯಾರು ಅಂತ ಗೊತ್ತು ಕಣ್ ಮಗ. ಹೆಸ್ರು ಹಾಕ್ಬ್ಯಾಡ.
ಅವ್ರ ಮನೆ ಹಾಲೇ ಇವತ್ಗೂ ನಮಗೆ ಬರೋದು.
ನೀನ್ ಕುಡ್ದು ಬೆಳ್ದಿದ್ದೂ ಅದೇಯ.”

ಎರಡನೇ ಬೆಂಚಿನಲ್ಲಿ ಒಬ್ಬಳು
ಕಂಪಾಸ್ ಬಾಕ್ಸು ಮುಚ್ಚಿದಳು, ತೆರೆದಳು, ಮುಚ್ಚಿದಳು.
ಅವರ ಮನೆಯಲ್ಲಿ ಎರಡು ಎಮ್ಮೆ.

ರಾತ್ರಿ ಅದನ್ನು ಇಂಗ್ಲಿಷಿಗೆ ಇಳಿಸಲು ಕೂತೆ.
‘ಗಲಾಟೆ’ಗೆ ಆ ಭಾಷೆಯಲ್ಲಿ ಬೇಕಾದಷ್ಟು ಪದ.
‘ಅದೇಯ’ಕ್ಕೆ ಒಂದೂ ಸಿಗಲಿಲ್ಲ.

ಆ ಡಿಸೆಂಬರಿಗೆ ನನಗೆ ಹನ್ನೊಂದು.
ಕಡ್ಡಿಯಲ್ಲಿ ಹೊಡೆಯುತ್ತ ಹಳೆ ಸೈಕಲ್ ಟೈರು
ಉರುಳಿಸಿಕೊಂಡು ಬೀದಿಗೆ ಹೋದವನು.
ರಸ್ತೆಗೆ ಬೇಕು, ಕೊಡೋ ಅಂದರು. ಕೊಟ್ಟೆ.
ದೊಡ್ಡವರು ನನ್ನಿಂದ ಕೇಳಿ ಪಡೆದ ಮೊದಲ ವಸ್ತು;
ಎದೆ ಉಬ್ಬಿತ್ತು, ಸುಳ್ಳು ಯಾಕೆ.
ಹೊಗೆ ವಾಸನೆಯ ಮೈಗೆ ಅವ್ವ ಬಿಸಿನೀರು ಹುಯ್ದಳು.
ಏನೂ ಕೇಳಲಿಲ್ಲ.

ನಮೂನೆಯ ಕೊನೆಗೆ ಒಂದು ಖಾನೆ:
ಶಿಕ್ಷಕರ ನೆನಪು, ಇದ್ದರೆ.

ಇದ್ದರೆ.

ಎರಡು ಸಲ ಗೆರೆ ಎಳೆದು ಖಾಲಿ ಬಿಟ್ಟೆ.
ಫ್ಯಾಕ್ಟರಿಯ ಸೈರನ್ನು ಪಾಳಿ ಬದಲಿಸಿತು.
ಮೂರನೇ ಸಲ ಬರೆದೆ, ಆ ಎದುರು ಮನೆಯವಳ ಹಾಗೆ,
ಚಿಕ್ಕ ಚಿಕ್ಕ ವಾಕ್ಯದಲ್ಲಿ:

ವಾರ ನೆನಪಿಲ್ಲ. ಟೈರು ಒಂದು.
ಕಡ್ಡಿ ನನ್ನ ಕೈಯಲ್ಲೇ ಉಳಿಯಿತು.